ವೇಗದ ರೈಲಿಗೆ ದಾರಿ ಬಿಡುವವರು ಯಾರು?

ಕಾಸರಗೋಡಿನಲ್ಲಿ ಜನ ನನ್ನನ್ನು ಕೇಳುವುದು ಹೆಚ್ಚಾಗಿ ಎರಡೇ ಪ್ರಶ್ನೆ. ಗಂಟೆಗೆ 160 ಕಿ.ಮೀ. ಓಡಬಲ್ಲ ವಂದೇ ಭಾರತ್ ನಮ್ಮ ಕಡೆ ಯಾಕೆ ಅಷ್ಟು ಓಡುವುದಿಲ್ಲ? ಇಂಥದ್ದು ಇನ್ನೊಂದು ಬಂದರೆ ನಮ್ಮ ಪ್ಯಾಸೆಂಜರ್ ಗಾಡಿಗೆ ಏನಾಗುತ್ತದೆ? ರೈಲ್ವೆ ಕಂಟ್ರೋಲ್ ರೂಮಿನಲ್ಲಿ ಕೂತು ಗಾಡಿ ಓಡಿಸಿದವನಾಗಿ ಹೇಳುತ್ತೇನೆ, ಎರಡನೇ ಪ್ರಶ್ನೆಯೇ ದೊಡ್ಡದು.

ಮೊದಲನೆಯದನ್ನು ಬೇಗ ಮುಗಿಸೋಣ. ಶೊರ್ನೂರಿನಿಂದ ಬಂದ ಈ ಹಳಿ ಮಂಗಳೂರು ಮುಟ್ಟಿದ್ದು 1907ರಲ್ಲಿ. ಆಮೇಲೆ ಜೋಡಿ ಹಳಿಯಾಯಿತು, ಕರೆಂಟ್ ಬಂತು. ಆದರೆ ದಾರಿಯೂ ಅದರ ತಿರುವುಗಳೂ ಹೆಚ್ಚುಕಮ್ಮಿ ಅವೇ. ತಿರುವಿನಲ್ಲಿ ಹೊರಗಿನ ಹಳಿಯನ್ನು ಸ್ವಲ್ಪ ಎತ್ತರಿಸಿರುತ್ತಾರೆ. ವೇಗದ ಗಾಡಿಗೆ ಈ ಎತ್ತರ ಜಾಸ್ತಿ ಬೇಕು. ಅಷ್ಟು ಕೊಟ್ಟರೆ ಅದೇ ಹಳಿಯಲ್ಲಿ ನಿಧಾನ ಹೋಗುವ ಗೂಡ್ಸ್ ಗಾಡಿಯ ಭಾರ ಒಳಗಿನ ಹಳಿಯ ಮೇಲೆ ಹೆಚ್ಚು ಬೀಳುತ್ತದೆ. ಹಾಗಾಗಿ ಇಬ್ಬರಿಗೂ ಆಗುವ ಒಂದು ನಡುವಿನ ಅಳತೆ ಇಡಬೇಕಾಗುತ್ತದೆ, ವೇಗದ ಮಿತಿಯೂ ಅದಕ್ಕೆ ತಕ್ಕಂತೆಯೇ.

2023ರ ಏಪ್ರಿಲ್‌ನಲ್ಲಿ ಶುರುವಾದ ಕಾಸರಗೋಡು–ತಿರುವನಂತಪುರ ವಂದೇ ಭಾರತ್ ಕೋಟ್ಟಯಂ ದಾರಿಯಾಗಿ ಸುಮಾರು 588 ಕಿ.ಮೀ.ಯನ್ನು ಹತ್ತಿರ ಹತ್ತಿರ 8 ಗಂಟೆಯಲ್ಲಿ ಮುಗಿಸುತ್ತದೆ. ಸರಾಸರಿ 73 ಕಿ.ಮೀ. ಅಷ್ಟೇ. ಆದರೂ ಬೇರೆ ಗಾಡಿಗಳಿಗಿಂತ ಬೇಗ ಹೋಗುತ್ತದಲ್ವಾ? ಒಂದು ಕಾರಣ ಅದರ ಎಳೆತ. ಅರ್ಧದಷ್ಟು ಬೋಗಿಗಳ ಅಡಿಯಲ್ಲೇ ಮೋಟಾರ್ ಇದೆ. ನಿಂತಲ್ಲಿಂದ 100ರ ವೇಗಕ್ಕೆ ಒಂದು ನಿಮಿಷದೊಳಗೆ ಏರುತ್ತದೆ. ಇನ್ನೊಂದು ಕಾರಣ, ಅದಕ್ಕೆ ಎಲ್ಲರೂ ದಾರಿ ಬಿಡುತ್ತಾರೆ.

ಇದು ಕಣ್ಣಿಗೆ ಕಾಣುವುದು ಕಂಟ್ರೋಲ್ ಚಾರ್ಟಿನಲ್ಲಿ. ಒಂದು ಬದಿಗೆ ಸ್ಟೇಷನ್ನುಗಳು, ಇನ್ನೊಂದು ಬದಿಗೆ ಗಂಟೆ. ಒಂದೊಂದು ಗಾಡಿಗೂ ಒಂದು ಓರೆ ಗೆರೆ. ಎಲ್ಲ ಗಾಡಿಗಳ ವೇಗವೂ ಒಂದೇ ಇದ್ದರೆ ಗೆರೆಗಳು ಪಕ್ಕಪಕ್ಕದಲ್ಲಿ ಸಾಗುತ್ತವೆ, ಜಾಸ್ತಿ ಗಾಡಿ ಹಿಡಿಸುತ್ತವೆ. ನಡುವೆ ವೇಗದ ಗಾಡಿಯ ಕಡಿದಾದ ಗೆರೆ ಎಳೆಯಿರಿ. ಅದು ಮುಂದಿರುವ ನಿಧಾನದ ಗೆರೆಗಳನ್ನು ಹಾಯ್ದು ಹೋಗುತ್ತದೆ. ಹಾಯುವುದು ನಡುದಾರಿಯಲ್ಲಿ ಆಗುವ ಮಾತಲ್ಲ. ಲೂಪ್ ಲೈನ್, ಅಂದರೆ ಗಾಡಿ ಪಕ್ಕಕ್ಕೆ ಸರಿದು ನಿಲ್ಲುವ ಹಳಿ, ಇರುವ ಸ್ಟೇಷನ್ನಿನಲ್ಲೇ ಆಗಬೇಕು.

ಅಲ್ಲಿ ಏನಾಗುತ್ತದೆ ನೋಡಿ. ಸ್ಟೇಷನ್ನುಗಳ ನಡುವೆ 10 ಕಿ.ಮೀ. ಇದೆ ಎಂದಿಟ್ಟುಕೊಳ್ಳಿ. 110ರ ವೇಗದ ಗಾಡಿಗೆ ಅಷ್ಟು ದೂರಕ್ಕೆ ಐದೂವರೆ ನಿಮಿಷ ಬೇಕು. ಅದು ಹಿಂದಿನ ಸ್ಟೇಷನ್ ದಾಟುವ ಮೊದಲೇ ಪ್ಯಾಸೆಂಜರ್ 30ರ ವೇಗದಲ್ಲಿ ಲೂಪಿಗೆ ಸರಿದು ನಿಂತಿರಬೇಕು. ಇಲ್ಲದಿದ್ದರೆ ಹಿಂದಿನ ಗಾಡಿ ಬ್ರೇಕ್ ಹಾಕಬೇಕಾಗುತ್ತದೆ. ಅದು ದಾಟಿಹೋದ ಮೇಲೂ ಮುಂದಿನ ಸ್ಟೇಷನ್ ತಲುಪುವ ತನಕ ಪ್ಯಾಸೆಂಜರ್‌ಗೆ ಸಿಗ್ನಲ್ ಸಿಗುವುದಿಲ್ಲ. ಎಲ್ಲ ಸರಿಯಾಗಿ ನಡೆದರೂ ಹನ್ನೆರಡು ಹದಿಮೂರು ನಿಮಿಷ ಹೋಯಿತು. ವೇಗದ ಗಾಡಿಯೇ ತಡವಾದರೆ ಇದೂ ಬೆಳೆಯುತ್ತದೆ. ತಿರುವನಂತಪುರಕ್ಕೆ ಹೋಗುವ ಇನ್ನೊಂದು ದಾರಿಯಾದ ಆಲಪ್ಪುಳ ಕಡೆ ಒಂಟಿ ಹಳಿಯ ಭಾಗ ಇರುವುದರಿಂದ ಅಲ್ಲಿನ ಪ್ರಯಾಣಿಕರ ದೂರು ಜೋರು. ಅವರ ದೂರು ನ್ಯಾಯವಾದದ್ದೇ.

ಸದ್ಯಕ್ಕೆ ಕಾಸರಗೋಡು–ಮಂಗಳೂರು ನಡುವಿನ ಮಂಜೇಶ್ವರ, ಉಪ್ಪಳ, ಕುಂಬಳೆಯವರು ಬಚಾವಾಗಿದ್ದಾರೆ. 2024ರಲ್ಲಿ ಮಂಗಳೂರಿಗೆ ವಿಸ್ತರಣೆಯಾದ, ಆಲಪ್ಪುಳ ದಾರಿಯ ಇನ್ನೊಂದು ವಂದೇ ಭಾರತ್ ಬೆಳಗ್ಗೆ ಬೇಗ ತೆಂಕಣ ದಿಕ್ಕಿಗೆ ಹೊರಡುತ್ತದೆ, ವಾಪಸ್ ಬರುವುದು ನಡುರಾತ್ರಿ ಹೊತ್ತಿಗೆ. ಕಾಲೇಜಿಗೆ, ಆಸ್ಪತ್ರೆಗೆ, ಕೆಲಸಕ್ಕೆ ಮಂಗಳೂರಿಗೆ ಹೋಗುವವರ ಹೊತ್ತು ಅದಲ್ಲ. ಮುಂದಿನ ಗಾಡಿಯೂ ಹೀಗೇ ಬರುತ್ತದೆ ಎನ್ನುವ ಹಾಗಿಲ್ಲ.

ವೇಗವನ್ನು 130ಕ್ಕೆ ಏರಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 46 ಕಿ.ಮೀ. ಎಲ್ಲೂ ನಿಲ್ಲದೆ 110ರಲ್ಲಿ ಹೋದರೆ 25 ನಿಮಿಷ, 130ರಲ್ಲಿ 21. ಉಳಿಯುವುದು 4 ನಿಮಿಷ. ಈ ನಾಲ್ಕು ನಿಮಿಷಕ್ಕಾಗಿ ಒಂದು ಪ್ಯಾಸೆಂಜರ್ ತುಂಬ ಇರುವ ಜನ ಕಾಲು ಗಂಟೆ ಲೂಪಿನಲ್ಲಿ ಕೂರುವುದು ನನಗೆ ಒಪ್ಪಿಗೆಯಿಲ್ಲ. ಸುಮ್ನೆ ವೇಗ ಏರಿಸಿದರೆ ಎರಡು ಗಾಡಿಗಳ ವೇಗದ ನಡುವಿನ ಅಂತರ ಇನ್ನೂ ಹೆಚ್ಚುತ್ತದೆ.

ನಿಧಾನದ ಗಾಡಿಯನ್ನು ಮೊದಲು ಚುರುಕು ಮಾಡಬೇಕು. ಎಂಜಿನ್ ಎಳೆಯುವ ಹಳೆಯ ಪ್ಯಾಸೆಂಜರ್ ಜಾಗದಲ್ಲಿ ಬೋಗಿಗಳಲ್ಲೇ ಮೋಟಾರ್ ಇರುವ ಮೆಮು ಗಾಡಿ ಹಾಕಿದರೆ ಅದೂ ನಿಂತಲ್ಲಿಂದ ಬೇಗ ವೇಗ ಹಿಡಿಯುತ್ತದೆ, ಮುಂದಿನ ಲೂಪ್ ತನಕ ಓಡಿ ದಾರಿ ಬಿಡುತ್ತದೆ. ಕಿಲೋಮೀಟರಿಗೊಂದರಂತೆ ಸಿಗ್ನಲ್ ಬರುವ ಆಟೋಮ್ಯಾಟಿಕ್ ವ್ಯವಸ್ಥೆ ಇದ್ದರೆ ಕಾಯುವ ಹೊತ್ತು ಅರ್ಧಕ್ಕರ್ಧ ಇಳಿದೀತು. ಇವೆರಡಕ್ಕೂ ಹೊಸ ಜಾಗ ವಶಪಡಿಸಿಕೊಳ್ಳಬೇಕಿಲ್ಲ.

ಇನ್ನೊಂದು ವೇಗದ ರೈಲು ಬೇಕೆಂದು ನಮ್ಮೂರ ಸಂಘಗಳು ಮನವಿ ಕೊಡುತ್ತಲೇ ಇವೆ. ಕೊಡಲಿ, ರೈಲು ಬರಲಿ. ಆದರೆ ಅದೇ ಮನವಿಯಲ್ಲಿ ಎರಡು ಸಾಲು ಸೇರಿಸಿ. ಬೆಳಗ್ಗೆ 7ರಿಂದ 9ರವರೆಗೆ ಮಂಗಳೂರು ಕಡೆಗೆ, ಸಂಜೆ 5ರಿಂದ 7ರವರೆಗೆ ಕಾಸರಗೋಡು ಕಡೆಗೆ ಆ ಗಾಡಿ ಬೇಡ. ಮತ್ತೆ, ಹೊಸ ವೇಳಾಪಟ್ಟಿ ಜಾರಿಯಾಗುವ ಮೊದಲು ಯಾವ ಪ್ಯಾಸೆಂಜರ್ ಯಾವ ಸ್ಟೇಷನ್ನಿನಲ್ಲಿ ಎಷ್ಟು ನಿಮಿಷ ನಿಲ್ಲುತ್ತದೆ ಎಂದು ರೈಲ್ವೆಯ ಪಾಲಕ್ಕಾಡ್ ವಿಭಾಗದಿಂದ ಬರವಣಿಗೆಯಲ್ಲಿ ಕೇಳಿ. ಚಾರ್ಟ್ ಹಾಕುವಾಗಲೇ ಆ ಲೆಕ್ಕ ಸಿಗುತ್ತದೆ.