ಉಪ್ಪುನೀರಿನ ಹನಿ, ಬೆಳಗಿನ ಮಂಜು

ಪೊರೆ ಆಪರೇಷನ್ ಆದ ಮೂರನೇ ದಿನ ಅಮ್ಮ ಎದ್ದವರೇ ಗೋಡೆ ಗಡಿಯಾರ ನೋಡಿದರು. ಮುಳ್ಳು ಕಾಣಲಿಲ್ಲ. "ಬಚ್ಚಲುಮನೆ ಕನ್ನಡಿ ಥರ, ಎಲ್ಲಾ ಮಂಜು ಮಂಜು" ಅಂದರು. ಹತ್ತು ಗಂಟೆ ಹೊತ್ತಿಗೆ ಅದೇ ಮುಳ್ಳು ಕಂಡಿತು. ಕಣ್ಣಿನ ಮುಂಪದರ ಕಾರ್ನಿಯಾ ಊದಿದೆ ಎಂದ ಡಾಕ್ಟರು ಬರೆದುಕೊಟ್ಟ ಹನಿಗಳಲ್ಲಿ ಒಂದು ಬರೀ ಉಪ್ಪುನೀರು: 5 ಪರ್ಸೆಂಟ್ ಸೋಡಿಯಂ ಕ್ಲೋರೈಡ್. ಸಮುದ್ರದ ನೀರಲ್ಲೇ ಉಪ್ಪು ಇರುವುದು ಸುಮಾರು ಮೂರೂವರೆ ಪರ್ಸೆಂಟ್. ಕಣ್ಣಿಗೆ ಅದಕ್ಕಿಂತ ಜಾಸ್ತಿ ಉಪ್ಪಾ ಅಂತ ನನಗೂ ಗಾಬರಿಯಾಯಿತು.

ಅಮ್ಮ ಹೇಳಿದ್ದನ್ನು ವಿಯೆನ್ನಾದ ಡಾಕ್ಟರ್ ಅರ್ನ್ಸ್ಟ್ ಫುಕ್ಸ್ 1910ರಲ್ಲೇ ಬರೆದಿಟ್ಟಿದ್ದರು. ಅವರ ರೋಗಿಗಳು ವಯಸ್ಸಾದವರು. ಬೆಳಗ್ಗೆ ಮಂಜು, ಹೊತ್ತೇರಿದಂತೆ ತಿಳಿ. ರಾತ್ರಿಯಿಡೀ ರೆಪ್ಪೆ ಮುಚ್ಚಿರುವುದರಿಂದ ಕಣ್ಣಿನ ಮೇಲಿನ ನೀರು ಆರುವುದಿಲ್ಲ, ಅದಕ್ಕೇ ಹೀಗೆ. ಆದರೆ ಕಾರ್ನಿಯಾದೊಳಗೆ ನೀರು ಸೇರದಂತೆ ತಡೆಯುವವರು ಯಾರು?

ಕಾರ್ನಿಯಾ ಅಂದರೆ ಕಣ್ಣಿನ ಮುಂದಿನ ಗಾಜಿನಂಥ ಪದರ. ದಪ್ಪ ಅರ್ಧ ಮಿಲಿಮೀಟರ್‌ಗಿಂತ ಚೂರು ಹೆಚ್ಚು. ಅದರ ಒಳಮೈಗೆ ಒಂದೇ ಒಂದು ಸಾಲು ಜೀವಕೋಶ ಅಂಟಿಕೊಂಡಿದೆ, ಅದೇ ಎಂಡೋಥೀಲಿಯಂ. ಕಣ್ಣೊಳಗಿನ ನೀರು ಸದಾ ಕಾರ್ನಿಯಾಕ್ಕೆ ಜಿನುಗುತ್ತದೆ. ತೂತಾದ ದೋಣಿಯಿಂದ ನೀರು ಮೊಗೆದು ಹಾಕುವಂತೆ ಈ ಕೋಶಗಳು ಅದನ್ನು ವಾಪಸ್ ಎತ್ತಿ ಹಾಕುತ್ತವೆ. ಈ ಪಂಪು ಇರುವುದು ಇಲ್ಲೇ ಅಂತ ವಿಜ್ಞಾನಿ ಡೇವಿಡ್ ಮಾರಿಸ್ ತೋರಿಸಿಕೊಟ್ಟಿದ್ದು 1972ರಲ್ಲಿ. ದೊಡ್ಡವರ ಕಣ್ಣಲ್ಲಿ ಒಂದು ಚದರ ಮಿಲಿಮೀಟರ್‌ಗೆ ಎರಡೂವರೆ ಸಾವಿರದಷ್ಟು ಕೋಶ ಇರುತ್ತವೆ. ಸತ್ತದ್ದರ ಜಾಗಕ್ಕೆ ಹೊಸದು ಹುಟ್ಟುವುದಿಲ್ಲ. ಅಕ್ಕಪಕ್ಕದವು ಮೈ ಚಾಚಿ ಜಾಗ ತುಂಬಬೇಕು. ಸಂಖ್ಯೆ 500ರ ಆಸುಪಾಸಿಗೆ ಇಳಿದರೆ ಪಂಪು ಸೋಲುತ್ತದೆ.

ಪೊರೆ ತೆಗೆಯುವ ಕೆಲಸ ನಡೆಯುವುದು ಈ ಸಾಲಿನ ಪಕ್ಕದಲ್ಲೇ. ಅಮೆರಿಕದ ಕಣ್ಣಿನ ಡಾಕ್ಟರ್ ಚಾರ್ಲ್ಸ್ ಕೆಲ್ಮನ್ 1967ರಲ್ಲಿ ಅಲ್ಟ್ರಾಸೌಂಡ್‌ನಿಂದ ಪೊರೆ ಪುಡಿಮಾಡುವ ಫೇಕೋ ತಂದರು. ಗಾಯ ಚಿಕ್ಕದಾಯಿತು, ಆದರೆ ಅದರ ಅದುರು ಈ ಕೋಶಗಳಿಗೂ ತಟ್ಟುತ್ತಿತ್ತು. 1980ರ ಸುಮಾರಿಗೆ ಬಂದ ಹೈಲುರೋನೇಟ್ ಜೆಲ್ ನಡುವೆ ಮೆತ್ತೆಯಂತೆ ನಿಂತು ಕಾಪಾಡಿತು. ಇವತ್ತಿಗೂ ಪೊರೆ ಬಲಿತು ಕಲ್ಲಾಗುವವರೆಗೆ ಕಾದರೆ ಅಲ್ಟ್ರಾಸೌಂಡ್ ಜಾಸ್ತಿ ಬೇಕು, ಪೆಟ್ಟೂ ಜಾಸ್ತಿ. "ಇನ್ನೂ ಬಲೀಲಿ" ಅನ್ನುವ ಹಳೇ ಮಾತನ್ನು ನಾವು ಬಿಡಲೇಬೇಕು.

ಇನ್ನು ಹನಿಗಳ ವಿಷಯ. ಹೆಚ್ಚಿದ ಸೌತೆಕಾಯಿಗೆ ಉಪ್ಪು ಹಾಕಿಟ್ಟರೆ ನೀರು ಬಿಡುತ್ತದೆ ಅಲ್ವಾ? ಉಪ್ಪುಹನಿ ಮಾಡುವುದೂ ಅಷ್ಟೇ, ನೀರನ್ನು ಹೊರಗೆಳೆಯುತ್ತದೆ. ಅದು ಮುಖ್ಯವಾಗಿ ನಾಟುವುದು ಮೇಲಿನ ತೆಳುಪದರಕ್ಕೆ, ಆಳದ ಊತಕ್ಕೆ ಅಷ್ಟು ತಲುಪದು. ಹಾಕಿದ ಕ್ಷಣ ಚುರ್ ಅನ್ನುತ್ತದೆ. ಅಮ್ಮ ಸೆರಗು ಹಿಡಿದು ಹತ್ತು ಎಣಿಸುತ್ತಿದ್ದರು. ರಾತ್ರಿಗೆ ಇದರದೇ ಮುಲಾಮು ಕೊಡುವುದುಂಟು. ಇದನ್ನು ಮನೆಯಲ್ಲಿ ಉಪ್ಪು ಕಲಸಿ ಮಾಡಬೇಡಿ, ಸೋಂಕು ತಗುಲಿದರೆ ಕಣ್ಣೇ ಹೋದೀತು. ಜೊತೆಗೆ ಉರಿಯೂತ ತಗ್ಗಿಸಲು ಸ್ಟೀರಾಯ್ಡ್ ಹನಿ, ಕಣ್ಣೊಳಗಿನ ಒತ್ತಡ ಏರಿದ್ದರೆ ಅದಕ್ಕೊಂದು ಹನಿ. ಇವು ಯಾವುವೂ ಸತ್ತ ಕೋಶವನ್ನು ತರುವುದಿಲ್ಲ. ಉಳಿದ ಕೋಶಗಳು ಸುಧಾರಿಸಿಕೊಳ್ಳಲು ಸಮಯ ಕೊಡುತ್ತವೆ. ಬಹುತೇಕರಿಗೆ ಅಷ್ಟೇ ಸಾಕು, ಕೆಲವು ದಿನ ಅಥವಾ ವಾರಗಳಲ್ಲಿ ಊತ ಇಳಿಯುತ್ತದೆ.

ಕೋಶಗಳಿಗೇ ಬಲ ಕೊಡುವ ಹನಿಯ ಆಸೆ ಹುಟ್ಟಿದ್ದು ಜಪಾನಿನ ಕ್ಯೋಟೋದಲ್ಲಿ. ರಾಕ್ ಇನ್ಹಿಬಿಟರ್ ಎಂಬ ಗುಂಪಿನ ಔಷಧಿ ಈ ಕೋಶಗಳು ಹರಡಿಕೊಳ್ಳಲು ನೆರವಾಗುತ್ತದೆ ಎಂದು ಅಲ್ಲಿನ ಸಂಶೋಧಕರು ಕಂಡರು. ಅದೇ ಗುಂಪಿನ ರಿಪಾಸುಡಿಲ್ ಹನಿಗೆ ಜಪಾನಿನಲ್ಲಿ 2014ರಲ್ಲಿ ಒಪ್ಪಿಗೆ ಸಿಕ್ಕಿದ್ದು ಗ್ಲಾಕೋಮಾಕ್ಕೆ, ಅಂದರೆ ಸಾಮಾನ್ಯವಾಗಿ ಕಣ್ಣೊಳಗಿನ ಒತ್ತಡ ಏರಿ ನರ ಕೆಡುವ ರೋಗಕ್ಕೆ. ಕಾರ್ನಿಯಾ ಊತಕ್ಕೂ ಪ್ರಯತ್ನಗಳು ನಡೆದಿವೆ.

ತಿಂಗಳುಗಟ್ಟಲೆ ಕಳೆದರೂ ಇಳಿಯದ ಊತಕ್ಕೆ ಕಸಿಯೇ ದಾರಿ. ಈಗ ಪೂರ್ತಿ ಕಾರ್ನಿಯಾ ಬದಲಿಸದೆ ಒಳಪದರ ಮಾತ್ರ ಕೂರಿಸಬಹುದು. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಾರ್ನಿಯಾಗಳು ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ನಾಲ್ಕು ಜನರಿಗೆ ಒದಗಿದ್ದು ಹೀಗೇ: ಮೇಲ್ಪದರ ಬೇರೆ, ಒಳಪದರ ಬೇರೆ ಮಾಡಿ.

ಆಪರೇಷನ್‌ಗೆ ಮುಂಚೆಯೇ ನಿಮ್ಮವರಿಗೆ ಬೆಳಗ್ಗೆ ಜಾಸ್ತಿ ಮಂಜು, ಮಧ್ಯಾಹ್ನ ಕಮ್ಮಿ ಅನ್ನಿಸುತ್ತಿದ್ದರೆ ಡಾಕ್ಟರಿಗೆ ಹೇಳಿ, ಕೋಶ ಎಣಿಸುವ ಸ್ಪೆಕ್ಯುಲರ್ ಪರೀಕ್ಷೆ ಬೇಕಾ ಅಂತ ಕೇಳಿ. ಕಣ್ಣು ಮುಟ್ಟದೆ ಫೋಟೋ ತೆಗೆದಂತೆ, ಕೆಲವೇ ನಿಮಿಷದ ಕೆಲಸ. ನಾನು ಅಮ್ಮನನ್ನು ಒಮ್ಮೆಯೂ ಕೇಳಿರಲಿಲ್ಲ.