‘ವಿ ಕ್ಯಾನ್ ಡೂ ಇಟ್!’ ಪೋಸ್ಟರ್ ಮಾಡಿದ್ದು ಯಾರಿಗಾಗಿ?

ಓದುಗರ ಪ್ರಶ್ನೆ: ನೀಲಿ ಅಂಗಿಯ ತೋಳು ಮಡಚಿ, ತಲೆಗೆ ಚುಕ್ಕಿ ಚುಕ್ಕಿ ಕೆಂಪು ಬಟ್ಟೆ ಕಟ್ಟಿದ ಹೆಂಗಸಿನ ಚಿತ್ರ ಎಲ್ಲರಿಗೂ ಗೊತ್ತು. ಎರಡನೇ ಮಹಾಯುದ್ಧದಲ್ಲಿ ಹೆಂಗಸರನ್ನು ಕಾರ್ಖಾನೆಗೆ ಕರೆಯಲು ಅಮೆರಿಕ ಸರ್ಕಾರ ಅದನ್ನು ಮಾಡಿಸಿತಂತೆ. ನಿಜವಾ?

ಉತ್ತರ: ಅಲ್ಲ. ಮಾಡಿಸಿದ್ದು ವೆಸ್ಟಿಂಗ್‌ಹೌಸ್ ಎಂಬ ವಿದ್ಯುತ್ ಉಪಕರಣಗಳ ಕಂಪನಿ. ಬರೆದವರು ಪಿಟ್ಸ್‌ಬರ್ಗ್‌ನ ಕಲಾವಿದ ಜೆ. ಹೊವಾರ್ಡ್ ಮಿಲ್ಲರ್. ಮೂಲ ಪೋಸ್ಟರ್‌ನ ಕೆಳಗಿನ ಅಂಚು ನೋಡಿ: ಫೆಬ್ರವರಿ 15ರಿಂದ 28ರವರೆಗೆ ಹಚ್ಚಬೇಕು ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿದೆ. 1943ರಲ್ಲಿ ಆ ಎರಡು ವಾರ ಅದು ಕಂಪನಿಯ ಕಾರ್ಖಾನೆಗಳ ಒಳಗೆ ಇತ್ತು. ಆಮೇಲೆ ಬೇರೆ ಪೋಸ್ಟರ್ ಬಂತು.

ಅಂದರೆ ಅದನ್ನು ನೋಡಿದವರು ಆಗಲೇ ಕೆಲಸಕ್ಕೆ ಸೇರಿದ್ದವರು. ಅವರಲ್ಲಿ ಸೈನಿಕರ ಹೆಲ್ಮೆಟ್ಟಿನ ಒಳಪದರ ತಯಾರಿಸುತ್ತಿದ್ದ ಹೆಂಗಸರೂ ಇದ್ದರು. ಜನ ರಜೆ ಹಾಕಬಾರದು, ಮುಷ್ಕರ ಹೂಡಬಾರದು, ಉತ್ಪಾದನೆ ನಿಲ್ಲಬಾರದು ಎಂಬುದು ಕಂಪನಿಯ ಆಸೆ. ಅದೇ ಸರಣಿಯ ಇನ್ನೊಂದು ಪೋಸ್ಟರ್, ಕೆಲಸದ ಬಗ್ಗೆ ಏನೇ ಅನುಮಾನವಿದ್ದರೂ ಸೂಪರ್‌ವೈಸರ್‌ನನ್ನು ಕೇಳಿ ಎನ್ನುತ್ತದೆ! ಹೆಣ್ಣಿನ ಹಕ್ಕಿನ ಮಾತು ಅಲ್ಲಿರಲಿಲ್ಲ.

ಸರ್ಕಾರದ ಪೋಸ್ಟರ್‌ಗಳು ಬೇರೆಯೇ ಇದ್ದವು. ‘ಹೆಚ್ಚು ಹೆಂಗಸರು ದುಡಿದಷ್ಟೂ ಬೇಗ ಗೆಲ್ಲುತ್ತೇವೆ’ ಎಂದು ಅವು ನೇರವಾಗಿ ಕರೆದವು. ಈ ಚಿತ್ರದ ಹೆಂಗಸನ್ನು ಇಂದು ‘ರೋಸಿ’ ಎಂದು ಕರೆಯುತ್ತಾರೆ. ಆ ಹೆಸರು ಕೂಡ ಈ ಚಿತ್ರದ್ದಲ್ಲ, ಆ ಕಾಲದ ಒಂದು ಹಾಡಿನದು. ಯುದ್ಧಕಾಲದ ಜನಕ್ಕೆ ರೋಸಿ ಎಂದರೆ ನೆನಪಾಗುತ್ತಿದ್ದದ್ದು 1943ರ ಮೇ ತಿಂಗಳಲ್ಲಿ ನಾರ್ಮನ್ ರಾಕ್‌ವೆಲ್ ಪತ್ರಿಕೆಯೊಂದರ ಮುಖಪುಟಕ್ಕೆ ಬರೆದ ಚಿತ್ರ. ಅದರಲ್ಲಿ ಗಟ್ಟಿಮುಟ್ಟಾದ ಹೆಂಗಸೊಬ್ಬಳು ತೊಡೆ ಮೇಲೆ ರಿವೆಟ್ ಗನ್ (ಲೋಹದ ತಗಡುಗಳಿಗೆ ಮೊಳೆ ಹೊಡೆದು ಜೋಡಿಸುವ ಯಂತ್ರ) ಇಟ್ಟುಕೊಂಡು, ಹಿಟ್ಲರನ ಪುಸ್ತಕವನ್ನು ಕಾಲಡಿ ತುಳಿದು ಸ್ಯಾಂಡ್‌ವಿಚ್ ತಿನ್ನುತ್ತಿದ್ದಾಳೆ.

ಮಿಲ್ಲರ್ ಚಿತ್ರ ಸುಮಾರು ನಲವತ್ತು ವರ್ಷ ಯಾರಿಗೂ ಬೇಡವಾಗಿತ್ತು. 1980ರ ದಶಕದಲ್ಲಿ ಮತ್ತೆ ಹೊರಬಂದಾಗ ಸ್ತ್ರೀವಾದಿ ಚಳವಳಿ ಅದನ್ನು ತನ್ನದಾಗಿಸಿಕೊಂಡಿತು. ಇದರಲ್ಲಿ ತಪ್ಪೇನೂ ಇಲ್ಲ. ನನಗಂತೂ ಇದು ಖುಷಿಯ ವಿಷಯ. ಮಾಲೀಕರ ಚಿತ್ರಕ್ಕೆ ಇಂದಿನ ಅರ್ಥ ಕೊಟ್ಟವರು ಹೆಂಗಸರೇ ಅಲ್ವಾ?

ಬೇಸರದ ಸಂಗತಿ ಬೇರೆ ಇದೆ. ಚಿತ್ರಕ್ಕೆ ಸ್ಫೂರ್ತಿ ಎನ್ನಲಾದ 1942ರ ಒಂದು ಫೋಟೊದಲ್ಲಿ, ಕ್ಯಾಲಿಫೋರ್ನಿಯಾದ ಅಲಮೀಡಾ ನೌಕಾ ವಾಯುನೆಲೆಯಲ್ಲಿ ಯಂತ್ರದ ಮುಂದೆ ಯುವತಿಯೊಬ್ಬಳು ಬಗ್ಗಿ ನಿಂತಿದ್ದಾಳೆ. ವರ್ಷಗಟ್ಟಲೆ ಅದಕ್ಕೆ ಬೇರೊಬ್ಬರ ಹೆಸರು ಹಚ್ಚಲಾಗಿತ್ತು. ಪ್ರಾಧ್ಯಾಪಕ ಜೇಮ್ಸ್ ಕಿಂಬಲ್ ಫೋಟೊದ ಮೂಲ ಪ್ರತಿಯನ್ನು ಹುಡುಕಿದರು. ಅದರ ಹಿಂದೆ ನವೋಮಿ ಪಾರ್ಕರ್ ಎಂದಿತ್ತು. ಆಕೆ ತೀರಿಕೊಂಡದ್ದು 2018ರಲ್ಲಿ, 96ನೇ ವಯಸ್ಸಿನಲ್ಲಿ. ತನ್ನ ಫೋಟೊಗೆ ತನ್ನದೇ ಹೆಸರು ಸಿಕ್ಕಿದ್ದನ್ನು ನೋಡಿಯೇ ಹೋದರು.