ಎದುರು ಕೂತು ಕೇಳಿದರೆ ಎಲ್ಲರೂ ಕಾಂಡೋಮ್ ಬಳಸುವವರೇ

"ಹೋದ ಸಲ ಕಾಂಡೋಮ್ ಬಳಸಿದ್ರಾ?" ಎಂದು ಎದುರು ಕೂತು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ "ಹೂಂ". ಕೇಳುವವರ ಕೊರಳಲ್ಲಿ ಆರೋಗ್ಯ ಯೋಜನೆಯ ಐಡಿ ಕಾರ್ಡ್ ಇದ್ದರಂತೂ ಮುಗೀತು. ಕಾಂಡೋಮ್ ತಂದುಕೊಟ್ಟವರೂ ಅವರ ಕಡೆಯವರೇ ಅಲ್ವಾ? ಇಲ್ಲ ಎನ್ನಲು ದಾಕ್ಷಿಣ್ಯ. ಇದನ್ನು ಸುಳ್ಳು ಎನ್ನಲು ನನಗೆ ಮನಸ್ಸಿಲ್ಲ. ಆದರೆ ಲೆಕ್ಕ ಮಾತ್ರ ಕೆಡುತ್ತದೆ.

2003ರಲ್ಲಿ ಗೇಟ್ಸ್ ಫೌಂಡೇಶನ್ ಆರು ರಾಜ್ಯಗಳಲ್ಲಿ 'ಆವಾಹನ್' ಎಂಬ ಎಚ್‌ಐವಿ ತಡೆ ಯೋಜನೆ ಆರಂಭಿಸಿತು. ಕರ್ನಾಟಕವೂ ಅದರಲ್ಲಿತ್ತು. ಆ ಕೆಲಸದ ಫಲ ಅಳೆಯಲು ಇಲ್ಲಿ ಬಳಸಿದ ಒಂದು ವಿಧಾನ ಪೋಲಿಂಗ್ ಬೂತ್ ಸರ್ವೆ. ಹೆಸರೇ ಹೇಳುವಂತೆ ಇದು ಮತಗಟ್ಟೆಯ ಉಪಾಯ. ಒಂದು ಸಣ್ಣ ಗುಂಪನ್ನು ಕೂರಿಸುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಮರೆ. ಕೈಯಲ್ಲಿ ಪ್ರಶ್ನೆಯ ನಂಬರ್ ಇರುವ ಚೀಟಿಗಳು. ಒಬ್ಬರು ಪ್ರಶ್ನೆಯನ್ನು ಜೋರಾಗಿ ಓದುತ್ತಾರೆ. ಹೌದು, ಅಲ್ಲ, ನನಗೆ ಸಂಬಂಧಿಸಿದ್ದಲ್ಲ: ಇದರಲ್ಲಿ ಯಾವುದೋ ಆ ಡಬ್ಬಿಗೆ ಚೀಟಿ ಹಾಕಿದರಾಯಿತು. ಹೆಸರಿಲ್ಲ. ಓದು ಬರಹ ಬರದವರಿಗೂ ತೊಂದರೆಯಿಲ್ಲ. ಕೊನೆಗೆ ಎಲ್ಲರ ಚೀಟಿಗಳನ್ನು ಒಟ್ಟಿಗೆ ಸೇರಿಸಿ ಎಣಿಸುತ್ತಾರೆ.

ಎದುರುಬದುರು ಸಂದರ್ಶನದಲ್ಲಿ ಮುಚ್ಚಿಹೋಗುವ ಎಷ್ಟೋ ಸಂಗತಿ ಇಲ್ಲಿ ಜಾಸ್ತಿ ಹೊರಬಂದವು. ಮದುವೆಯಾಚೆಗಿನ ಸಂಬಂಧ, ಗುದ ಸಂಭೋಗದಂಥ ವಿಷಯಗಳನ್ನು ಇನ್ನೊಬ್ಬರ ಮುಖ ನೋಡಿ ಹೇಳುವುದು ಸುಲಭವಲ್ಲ.

ಇದಕ್ಕೆ ತೆರುವ ಬೆಲೆಯೂ ಇದೆ. ಚೀಟಿ ಯಾರದೆಂದು ಗೊತ್ತಿಲ್ಲದ ಮೇಲೆ ಒಬ್ಬನ ಎರಡು ಉತ್ತರಗಳನ್ನು ಜೋಡಿಸಲಾಗದು. ಗಂಡಸರ ಜೊತೆ ಮಲಗುವವರು ಇಷ್ಟು, ಹೆಂಡತಿಯ ಜೊತೆ ಕಾಂಡೋಮ್ ಬಳಸದವರು ಇಷ್ಟು ಎಂದು ತಿಳಿಯುತ್ತದೆ. ಇಬ್ಬರೂ ಒಬ್ಬನೇನಾ? ತಿಳಿಯದು. ರಕ್ತ ಪರೀಕ್ಷೆಯ ಫಲಿತಾಂಶದ ಜೊತೆಗೂ ತಾಳೆ ಹಾಕಲಾಗದು. ಹಾಗಾಗಿ ಹಳೆಯ ಸಂದರ್ಶನವನ್ನು ಕೈಬಿಡುವ ಹಾಗಿಲ್ಲ.

ನನ್ನ ವಿದ್ಯಾರ್ಥಿಗಳು ಪ್ರಶ್ನಾವಳಿ ತಂದಾಗ ನಾನು ಮೊದಲು ನೋಡುವುದು "ನೀವು ಯಾರು" ಮತ್ತು "ಏನು ಮಾಡ್ತೀರಿ" ಎಂಬ ಪ್ರಶ್ನೆಗಳು ಬೇರೆ ಬೇರೆ ಇವೆಯಾ ಎಂದು. ಗಂಡಸರ ಜೊತೆ ಸಂಬಂಧವಿರುವ ಗಂಡಸರಲ್ಲಿ ಕೋಥಿ (ಹೆಣ್ಣಿನ ಪಾತ್ರದವರು), ಪಂಥಿ (ಗಂಡಿನ ಪಾತ್ರದವರು), ಡಬಲ್ ಡೆಕ್ಕರ್ (ಎರಡೂ ಪಾತ್ರದವರು) ಎಂದು ಗುರುತಿಸಿಕೊಳ್ಳುವವರು ಇದ್ದಾರೆ. ಗಂಡಸರ ಜೊತೆ ಸಂಬಂಧವಿದ್ದೂ ಯಾವ ಹೆಸರನ್ನೂ ಒಪ್ಪದ, ಹೆಂಡತಿ ಮಕ್ಕಳಿರುವ ಗಂಡಸರೂ ಇದ್ದಾರೆ. ಗುರುತು ಮಾತ್ರ ಕೇಳಿದರೆ ಇವರು ಲೆಕ್ಕಕ್ಕೇ ಸಿಗುವುದಿಲ್ಲ. ಹಾಗಂತ ಗುರುತನ್ನು ಬಿಡುವುದೂ ತಪ್ಪು. ಯಾರು ತಮ್ಮ ಸಮುದಾಯದ ಸಂಘದ ಕಚೇರಿಗೆ ಬರುತ್ತಾರೆ, ಯಾರು ಪೊಲೀಸರಿಗೆ ಹೆದರಿ ದೂರ ಉಳಿಯುತ್ತಾರೆ ಎನ್ನುವುದೆಲ್ಲ ಅದರ ಮೇಲೆ ನಿಂತಿದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಸಲಿಂಗ ಸಂಭೋಗವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಂ ಕುರಿತು ತೀರ್ಪು ಕೊಡುವವರೆಗೆ, ನಿಜ ಹೇಳುವುದೆಂದರೆ ಹಲವರಿಗೆ ಅಪರಾಧ ಒಪ್ಪಿಕೊಂಡಂತೆಯೇ ಇತ್ತು.

ಈಗ ಎಲ್ಲವೂ ಮೊಬೈಲ್‌ನಲ್ಲಿ. ಇತ್ತೀಚೆಗೆ ಒಬ್ಬ ವಿದ್ಯಾರ್ಥಿ ತನ್ನ ಆನ್‌ಲೈನ್ ಫಾರ್ಮ್ ತೋರಿಸಿದ. "ನಿಮ್ಮ ಉತ್ತರ ಸಂಪೂರ್ಣ ಗೌಪ್ಯ" ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದ. ಅದರ ಕೆಳಗಿನ ಮೊದಲ ಪ್ರಶ್ನೆಯೇ ಫೋನ್ ನಂಬರ್. ಅದನ್ನು ತೆಗೆಸಿದೆ.